ಮೂವತ್ತು ದಿನದ ವಿದ್ಯೆ

ವಿದ್ಯೆ ಮಾರುವವರು ನಮ್ಮ ಸೀಮೆಗೆ ಹೊಸಬರೇನಲ್ಲ. ಟ್ಯುಟೋರಿಯಲ್ ನಡೆಸುವವರನ್ನು, ಗೈಡು ಅಚ್ಚು ಹಾಕುವವರನ್ನು, ‘ಫೇಲಾದರೆ ಹಣ ವಾಪಸ್’ ಎಂದು ಗೋಡೆಯ ಮೇಲೆ ಬರೆಸುವವರನ್ನು ಕೋಲಾರದ ಜನ ಕಂಡೇ ಇದ್ದಾರೆ. ಆದರೆ ಅವರ ಮನೆ ಯಾವ ಬೀದಿಯಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಮಾತು ತಪ್ಪಿದರೆ ಬಾಗಿಲಿಗೆ ಹೋಗಿ ನಿಂತು ಕೇಳಬಹುದಿತ್ತು. ಈಗ ಮೊಬೈಲಿನಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತೇವೆಂದು ಬಂದಿರುವ ಹೊಸ ಗುರುಗಳಿಗೆ ಬೀದಿಯೂ ಇಲ್ಲ, ಬಾಗಿಲೂ ಇಲ್ಲ. ಇರುವುದು ಒಂದು ನಗುಮುಖ, ಹಿಂದೆ ಬಣ್ಣದ ದೀಪ, ಕೆಳಗೆ ಹಣ ಕಟ್ಟುವ ಗುಂಡಿ.

ಅವರ ಮಾತಿನ ವರಸೆ ಹೀಗೆ: ‘ಮೂವತ್ತು ದಿನದಲ್ಲಿ ಕೋಡಿಂಗ್ ಕಲಿಯಿರಿ. ಗಣಿತ ಬೇಡ, ಡಿಗ್ರಿ ಬೇಡ. ವರ್ಷಕ್ಕೆ ಹನ್ನೆರಡು ಲಕ್ಷದ ಪ್ಯಾಕೇಜು.’ ಕೋರ್ಸಿನ ಬೆಲೆ ಐವತ್ತು ಸಾವಿರ ಎಂದು ಬರೆದು, ಅದನ್ನು ಕೆಂಪು ಗೆರೆಯಲ್ಲಿ ಹೊಡೆದು, ‘ನಿಮಗೆ ಮಾತ್ರ’ ಎಂದು ಕಡಿಮೆ ಬೆಲೆ ತೋರಿಸುತ್ತಾರೆ. ಆ ಐವತ್ತು ಸಾವಿರವನ್ನು ಯಾರಾದರೂ ಎಂದಾದರೂ ಕೊಟ್ಟದ್ದುಂಟೇ? ಪಕ್ಕದಲ್ಲೇ ಗಡಿಯಾರವೊಂದು ಹಿಂದಕ್ಕೆ ಓಡುತ್ತಿರುತ್ತದೆ. ‘ಏಳೇ ಸೀಟು ಉಳಿದಿವೆ’ ಎನ್ನುತ್ತದೆ. ಮುದ್ರಿಸಿಟ್ಟ ವಿಡಿಯೋ ಪಾಠಕ್ಕೆ ಸೀಟು ಎಲ್ಲಿಂದ ಬಂತು? ಮರುದಿನ ತೆರೆದರೂ ಅದೇ ಗಡಿಯಾರ, ಅದೇ ಏಳು ಸೀಟು!

ಇಂಥ ಮಾತು ನಮ್ಮ ಜಿಲ್ಲೆಯ ಹುಡುಗರಿಗೆ ಬೇರೆಯವರಿಗಿಂತ ಆಳವಾಗಿ ನಾಟುವುದಕ್ಕೆ ಕಾರಣವಿದೆ. ಬಂಗಾರಪೇಟೆ, ಮಾಲೂರಿನಿಂದ ಬೆಳಗಿನ ರೈಲು ಹಿಡಿದು ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ದಾರಿಯಲ್ಲಿ ವೈಟ್‌ಫೀಲ್ಡ್ ಸಿಕ್ಕುತ್ತದೆ. ಅಲ್ಲಿಳಿದು ಗಾಜಿನ ಕಟ್ಟಡಗಳ ಬಾಗಿಲು ಕಾಯುವವರಲ್ಲಿ, ನೆಲ ಒರೆಸುವವರಲ್ಲಿ ನಮ್ಮೂರ ಮಕ್ಕಳಿದ್ದಾರೆ. ಒಳಗೆ ಕೂತವನಿಗೂ ತನಗೂ ನಡುವೆ ಇರುವುದು ಮೂವತ್ತು ದಿನದ ಒಂದು ಕೋರ್ಸು ಮಾತ್ರ ಎಂದು ಯಾರಾದರೂ ಹೇಳಿದರೆ ನಂಬಬೇಕೆಂದು ಆಸೆಯಾಗದೆ ಇದ್ದೀತೇ? ನರಸಾಪುರ, ವೇಮಗಲ್ಲಿನ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಹುಡುಗಿಯರ ಕಥೆಯೂ ಇದೇ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆ ಆಸೆಯನ್ನೇ ಬಂಡವಾಳ ಮಾಡಿಕೊಂಡವರ ಮೇಲೆ ನನ್ನ ತಕರಾರು.

ಇದು ಎಲ್ಲೋ ಮೂಲೆಯ ಪುಡಿಗಳ್ಳರ ಕೆಲಸ ಎಂದು ತಳ್ಳಿಹಾಕುವಂತಿಲ್ಲ. ಚಿಕ್ಕ ಮಕ್ಕಳಿಗೆ ಆನ್‌ಲೈನಿನಲ್ಲಿ ಕೋಡಿಂಗ್ ಕಲಿಸುತ್ತಿದ್ದ ವೈಟ್‌ಹ್ಯಾಟ್ ಜೂನಿಯರ್ ಎಂಬ ಕಂಪನಿಯನ್ನು 2020ರ ಆಗಸ್ಟಿನಲ್ಲಿ ಬೆಂಗಳೂರಿನ ಬೈಜೂಸ್ 30 ಕೋಟಿ ಡಾಲರಿಗೆ ಕೊಂಡಿತು. ಕೊರೋನಾದಿಂದ ಶಾಲೆಗಳು ಮುಚ್ಚಿ, ಮಕ್ಕಳ ಗತಿಯೇನೆಂದು ತಂದೆತಾಯಿ ಕಂಗಾಲಾಗಿದ್ದ ಕಾಲ ಅದು. ಆ ಕಂಪನಿಯ ಜಾಹೀರಾತಿನಲ್ಲಿ ವುಲ್ಫ್ ಗುಪ್ತ ಎಂಬ ಬಾಲಕನೊಬ್ಬ ಬರುತ್ತಿದ್ದ. ಕೋಡಿಂಗ್ ಕಲಿತು ಗೂಗಲ್‌ನಲ್ಲಿ ಕೋಟಿ ಕೋಟಿ ಸಂಬಳದ ಕೆಲಸ ಹಿಡಿದನಂತೆ. ಒಂದು ಜಾಹೀರಾತಿನಲ್ಲಿ ಒಂದು ವಯಸ್ಸು, ಇನ್ನೊಂದರಲ್ಲಿ ಇನ್ನೊಂದು, ಒಂದರಲ್ಲಿ 1.2 ಕೋಟಿ, ಮತ್ತೊಂದರಲ್ಲಿ 20 ಕೋಟಿ. ವಿಚಾರಿಸಿ ನೋಡಿದರೆ ಅಂಥ ಹುಡುಗನೇ ಇರಲಿಲ್ಲ! ಜಾಹೀರಾತಿನವರು ಹೆತ್ತ ಕೂಸು ಅದು. ಜಾಹೀರಾತು ಮಾನಕ ಮಂಡಳಿಗೆ ದೂರು ಹೋದ ಮೇಲೆ 2020ರಲ್ಲಿ ಐದು ಜಾಹೀರಾತುಗಳನ್ನು ಹಿಂತೆಗೆದುಕೊಳ್ಳಲು ಕಂಪನಿ ಒಪ್ಪಿತು. ಅದೇ ವರ್ಷ ನವೆಂಬರಿನಲ್ಲಿ, ತನ್ನನ್ನು ಟೀಕಿಸಿದ ಇಂಜಿನಿಯರ್ ಒಬ್ಬರ ಮೇಲೆ 20 ಕೋಟಿ ರೂಪಾಯಿಯ ಮಾನನಷ್ಟ ಮೊಕದ್ದಮೆಯನ್ನೂ ಹೂಡಿತು. ಮರುವರ್ಷ ಅದನ್ನು ವಾಪಸು ಪಡೆಯಿತು. ಇಲ್ಲದ ಹುಡುಗನನ್ನು ತೋರಿಸಿದವರಿಗೆ ಮಾನ ನಷ್ಟವಾಯಿತಂತೆ. ಇತ್ತ ಬೈಜೂಸ್‌ನ ಮಾತೃಸಂಸ್ಥೆಯನ್ನು 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಗೆ ಒಳಪಡಿಸಿತು.

ಅಮೆರಿಕದಲ್ಲೂ ಇದೇ ಹಾಡು. ಬ್ಲೂಮ್‌ಟೆಕ್ ಎಂಬ ಕೋಡಿಂಗ್ ಶಾಲೆ ತನ್ನ ವಿದ್ಯಾರ್ಥಿಗಳಲ್ಲಿ ಶೇಕಡ 71ರಿಂದ 86 ಮಂದಿಗೆ ಕೆಲಸ ಸಿಕ್ಕಿದೆಯೆಂದು ಸಾರುತ್ತಿತ್ತು. ಒಳಗಿನ ಲೆಕ್ಕದಲ್ಲಿ ಅದು ಶೇಕಡ 50ರ ಆಸುಪಾಸು, ಕೆಲವು ತಂಡಗಳಲ್ಲಿ 30ಕ್ಕೂ ಇಳಿದಿತ್ತು ಎಂದು ಅಲ್ಲಿನ ಗ್ರಾಹಕ ಹಣಕಾಸು ಸಂರಕ್ಷಣಾ ಸಂಸ್ಥೆ 2024ರ ಏಪ್ರಿಲಿನಲ್ಲಿ ಹೇಳಿ, ಆ ಶಾಲೆ ವಿದ್ಯಾರ್ಥಿಗಳಿಗೆ ಸಾಲ ಕೊಡುವುದನ್ನು ನಿಷೇಧಿಸಿತು.

‘ಆದರೆ ಕೆಲಸ ಸಿಕ್ಕಿದವರೂ ಇದ್ದಾರಲ್ಲ ಮೇಡಂ?’ ಎಂದು ಕೇಳುವವರುಂಟು. ಇದ್ದಾರೆ, ಯಾರು ಇಲ್ಲವೆಂದರು? ಬೋರ್‌ವೆಲ್ ತೋಡಿಸುವ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ತೋರಿಸುವವನು ಬರುತ್ತಾನೆ. ಸಾವಿರ ಅಡಿ ದಾಟಿ ಕೊರೆಸುತ್ತೇವೆ. ಒಂದು ಕಡೆ ನೀರು ಬಂದರೆ ಆ ಸುದ್ದಿ ಹತ್ತೂರಿಗೆ ಹಬ್ಬುತ್ತದೆ. ಧೂಳೆದ್ದ ಒಂಬತ್ತು ಬಾವಿಗಳ ಹೆಸರನ್ನು ಅವನು ಎತ್ತುವುದೇ ಇಲ್ಲ. ನೀರು ಬರಲಿ, ಬಿಡಲಿ, ಅವನ ಕೂಲಿ ಅವನಿಗೆ ಸಂದಿರುತ್ತದೆ. ಮೊಬೈಲಿನಲ್ಲಿ ಆಫರ್ ಲೆಟರ್ ಹಿಡಿದು ನಗುವ ಹುಡುಗ ಆ ಒಂದು ಬಾವಿ. ಅವನಿಗೆ ಮೊದಲೇ ಇಂಜಿನಿಯರಿಂಗ್ ಪದವಿ ಇತ್ತೇ, ನಾಲ್ಕು ವರ್ಷದ ಅನುಭವವಿತ್ತೇ ಎಂಬುದನ್ನು ಯಾರೂ ಹೇಳುವುದಿಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕೆಜಿ ಟೊಮ್ಯಾಟೊ ಬಾಕ್ಸು ಎರಡು ಸಾವಿರ ದಾಟಿದಾಗ ಪತ್ರಿಕೆಗಳ ತುಂಬ ಲಕ್ಷಾಧೀಶ ರೈತರ ಚಿತ್ರಗಳೇ. ಅವನ್ನು ನೋಡಿ ಸಾಲ ಮಾಡಿ ನಾಟಿ ಮಾಡಿದವರ ಬೆಳೆ ಕೈಗೆ ಬರುವ ಹೊತ್ತಿಗೆ ಬೆಲೆ ನೆಲ ಕಚ್ಚಿತ್ತು. ಅವರ ಚಿತ್ರ ತೆಗೆಯಲು ಯಾರೂ ಬರಲಿಲ್ಲ.

ಶ್ರೀನಿವಾಸಪುರ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ. ಇಂಥದೇ ಒಂದು ಉಚಿತ ತರಗತಿಗೆ ಸೇರಿದ. ಎರಡು ಗಂಟೆಯ ಆ ತರಗತಿಯಲ್ಲಿ ಪಾಠ ಹದಿನೈದು ನಿಮಿಷ, ಉಳಿದದ್ದೆಲ್ಲ ವ್ಯಾಪಾರ. ‘ಕೆಲಸ ಗ್ಯಾರಂಟಿ’ ಎಂದರು. ಎಂಬತ್ತೈದು ಸಾವಿರ ರೂಪಾಯಿಗೆ ‘ನೋ ಕಾಸ್ಟ್ ಇಎಂಐ’ ಎಂದರು. ತಂದೆ ನನ್ನಲ್ಲಿಗೆ ಬಂದು ಹೇಳಿದ್ದು ಇಷ್ಟು: ‘ಫೋನಿಗೆ ಏನೋ ನಂಬರು ಬಂದೈತೆ ಹೇಳಪ್ಪಾ ಅಂದ ಮೇಡಂ, ಹೇಳ್ದೆ. ಅದು ನನ್ನ ಹೆಸರಲ್ಲಿ ಸಾಲ ಅಂತ ಯಾರೂ ಹೇಳ್ಲಿಲ್ಲ.’ ಎರಡು ಹಸುಗಳ ಹಾಲಿನ ಬಟವಾಡೆ ಬಂದು ಬೀಳುವ ಖಾತೆಯಿಂದಲೇ ತಿಂಗಳ ಕಂತು ಮುರಿದುಹೋಗುತ್ತಿತ್ತು. ಹುಡುಗನಿಗೆ ಮೂರನೆಯ ವಾರಕ್ಕೇ ಪಾಠ ತಲೆಗೆ ಹತ್ತದಾಯಿತು. ಬಿಡುತ್ತೇನೆಂದರೆ ಸಾಲ ಬಿಡಲಿಲ್ಲ. ಗ್ಯಾರಂಟಿಯ ಮಾತೆತ್ತಿದರೆ, ಇಷ್ಟು ಹಾಜರಾತಿ, ಇಷ್ಟು ಅಂಕ, ಹೇಳಿದ ಊರಿಗೆ ಹೋಗುವ ಒಪ್ಪಿಗೆ ಎಂದು ಸಣ್ಣಕ್ಷರದ ಷರತ್ತುಗಳನ್ನು ಮುಂದಿಟ್ಟರು. ಕೊನೆಗೆ ಆ ಹುಡುಗ ನನಗೆ ಹೇಳಿದ ಮಾತು: ‘ನನಗೇ ಬುದ್ಧಿ ಇಲ್ಲ ಮೇಡಂ, ಬೇರೆಯವರಿಗೆಲ್ಲ ಬಂತಂತೆ.’ ಹಣಕ್ಕಿಂತ ದೊಡ್ಡ ನಷ್ಟ ಇದು. ಮೂವತ್ತು ದಿನದಲ್ಲಿ ಬಾರದ ವಿದ್ಯೆಯನ್ನು ಮೂವತ್ತು ದಿನದಲ್ಲಿ ಬರುತ್ತದೆಂದು ಮಾರಿದವರು ತಮ್ಮ ಸುಳ್ಳಿನ ಭಾರವನ್ನು ಕಲಿಯಲು ಬಂದವನ ತಲೆಗೆ ಕಟ್ಟಿದ್ದರು.

ನಾನು ಪ್ರೋಗ್ರಾಮಿಂಗ್ ಬಲ್ಲವಳಲ್ಲ. ಆದರೆ ಇಪ್ಪತ್ತೆಂಟು ವರ್ಷ ಮಕ್ಕಳು ಹೇಗೆ ಕಲಿಯುತ್ತಾರೆಂದು ಹತ್ತಿರದಿಂದ ನೋಡಿದ್ದೇನೆ. ಅಮ್ಮ ಮುದ್ದೆ ತಿರುವುವುದನ್ನು ತಿಂಗಳುಗಟ್ಟಲೆ ನೋಡಿದರೂ, ಕೋಲು ಕೈಗೆ ಬಂದ ದಿನ ಹಿಟ್ಟು ಗಂಟಾಗಿಯೇ ಆಗುತ್ತದೆ. ತಿರುವಿ ತಿರುವಿಯೇ ಕೈ ಪಳಗಬೇಕು. ವಿಡಿಯೋದವನು ಸರಸರನೆ ಬರೆಯುತ್ತಾನೆ, ತಪ್ಪು ಬರುವುದಿಲ್ಲ, ಬಂದದ್ದನ್ನು ಕತ್ತರಿಸಿರುತ್ತಾನೆ. ನೋಡುವವನಿಗೆ ತನಗೂ ತಿಳಿಯಿತು ಎನಿಸುತ್ತದೆ. ಒಬ್ಬನೇ ಕೂತು ಬರೆದು, ತಪ್ಪಾಗಿ, ಯಾಕೆ ತಪ್ಪಾಯಿತೆಂದು ಹುಡುಕಿ ತಿದ್ದುವುದೇ ಆ ವಿದ್ಯೆಯ ತಿರುಳು ಎಂದು, ಅದೇ ವೃತ್ತಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ಅದಕ್ಕೆ ವರ್ಷಗಳು ಬೇಕಂತೆ.

ಎಲ್ಲರೂ ಹೀಗಿದ್ದಾರೆಂದು ನಾನು ಹೇಳಲಾರೆ. ಕಾಸಿಲ್ಲದೆ, ಕನ್ನಡದಲ್ಲೇ, ತಾಳ್ಮೆಯಿಂದ ಕಲಿಸುವ ಪುಣ್ಯಾತ್ಮರಿದ್ದಾರೆ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು, ಸರ್ಕಾರದ ‘ಸ್ವಯಂ’ ಪಾಠಗಳು ಉಚಿತವಾಗಿವೆ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ಅವರು ಯಾರೂ ಓಡುವ ಗಡಿಯಾರ ತೋರಿಸುವುದಿಲ್ಲ. ಆದ್ದರಿಂದಲೇ ಅವರ ಹೆಸರು ನಮ್ಮ ಹಳ್ಳಿಗಳನ್ನು ಮುಟ್ಟಿಲ್ಲ.

ಕಾನೂನು ಕೈಕಟ್ಟಿ ಕೂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಸುಳ್ಳು ಅವಸರ ಹುಟ್ಟಿಸುವುದನ್ನು 2023ರ ನವೆಂಬರಿನ ಮಾರ್ಗಸೂಚಿ ತಡೆದಿದೆ. ಕೆಲಸ ಖಂಡಿತ, ಆಯ್ಕೆ ಖಂಡಿತ ಎಂದು ತರಬೇತಿ ಸಂಸ್ಥೆಗಳು ಹೇಳಕೂಡದೆಂದೂ, ಷರತ್ತುಗಳನ್ನು ಘೋಷಣೆಯಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದೂ 2024ರ ನವೆಂಬರಿನ ಮಾರ್ಗಸೂಚಿ ಹೇಳುತ್ತದೆ. ಮೋಸ ಹೋದವರು 1915ಕ್ಕೆ ಫೋನು ಮಾಡಬಹುದು. ಕಂಪನಿ ಯಾವ ಊರಿನದೇ ಆಗಲಿ, ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆದರೆ ಇದು ಮುಳಬಾಗಿಲಿನ ಹಳ್ಳಿಯ ರೈತನಿಗೆ ಯಾರು ಹೇಳಿದ್ದಾರೆ? ಗಡಿಯಾರದ ಜಾಹೀರಾತು ಅವನ ಮಗನ ಕೈಗೆ ದಿನಕ್ಕೆ ಹತ್ತು ಸಲ ತಲುಪುತ್ತದೆ. 1915 ಎಂಬ ನಾಲ್ಕು ಅಂಕಿ ವರ್ಷಕ್ಕೊಮ್ಮೆಯೂ ತಲುಪುವುದಿಲ್ಲ.

ಸರ್ಕಾರಿ ಶಾಲೆಯ ಮೇಷ್ಟ್ರುಗಳಾದ ನಾವು ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ ಲೆಕ್ಕ ಒಪ್ಪಿಸುತ್ತೇವೆ: ಎಷ್ಟು ಮಕ್ಕಳು ಕೂತರು, ಎಷ್ಟು ಪಾಸು, ಎಷ್ಟು ಫೇಲು. ಕಡಿಮೆಯಾದರೆ ನೋಟೀಸು ಬರುತ್ತದೆ, ಉತ್ತರ ಬರೆಯುತ್ತೇವೆ. ಸಂಬಳ ಪಡೆದು ಕಲಿಸುವವರು ಲೆಕ್ಕ ಕೊಡಬೇಕಾದದ್ದು ನ್ಯಾಯವೇ. ಹಾಗಾದರೆ ಮುಂಗಡವಾಗಿಯೇ ಹಣ ಪಡೆದು ಕಲಿಸುವ ಇವರೂ ಕೊಡಲಿ. ಹೋದ ವರ್ಷ ಎಷ್ಟು ಜನ ಹಣ ಕಟ್ಟಿದರು? ಎಷ್ಟು ಜನ ಕೊನೆಯ ಪಾಠದವರೆಗೆ ಉಳಿದರು? ಎಷ್ಟು ಜನಕ್ಕೆ, ಎಷ್ಟು ಸಂಬಳದ, ಯಾವ ಕೆಲಸ ಸಿಕ್ಕಿತು? ಹಣ ಕಟ್ಟುವ ಮುಂಚೆ ತಂದೆತಾಯಿ ಈ ಮೂರು ಪ್ರಶ್ನೆಯನ್ನು ಬರಹದಲ್ಲಿ ಕೇಳಲಿ. ಉತ್ತರ ಬರಹದಲ್ಲಿ ಬಾರದಿದ್ದರೆ ಫೋನಿಗೆ ಬಂದ ನಂಬರನ್ನು ಯಾರಿಗೂ ಹೇಳದಿರಲಿ.