22ನೇ ನಂಬರಿನ ಗೇಟು

ಮಕ್ಕಳೇ, ದಸರಾ ರಜೆ ಬಂತೆಂದರೆ ಎಲ್ಲರೂ ಮೈಸೂರಿಗೆ ಬರುತ್ತಾರೆ. ಈ ಸಲ ನಾನೂ ನನ್ನ ಮೊಮ್ಮಗನೂ ಮೈಸೂರು ಬಿಟ್ಟು ಹೊರಟೆವು. ಎಲ್ಲಿಗೆ ಗೊತ್ತೇ? ದೂರದ ಅಸ್ಸಾಮಿನ ದಿಬ್ರೂಗಢಕ್ಕೆ.

ನನ್ನ ಮಗಳು ಅಲ್ಲಿದ್ದಾಳೆ. ಜೂನ್ ತಿಂಗಳಲ್ಲಿ ಅವಳಿಗೆ ಹೆಣ್ಣು ಮಗು ಹುಟ್ಟಿತು. ಆಗ ನಮ್ಮ ಮನೆಯವರು ಹಾಸಿಗೆ ಹಿಡಿದಿದ್ದರು. ನಾನು ಬಾಣಂತನಕ್ಕೆ ಹೋಗಲಾಗಲಿಲ್ಲ. ಜುಲೈಯಲ್ಲಿ ಅವರು ತೀರಿಕೊಂಡಾಗ ಎಳೆಗೂಸನ್ನು ಕಟ್ಟಿಕೊಂಡು ಮಗಳು ಇಲ್ಲಿಗೆ ಬರಲಾಗಲಿಲ್ಲ. ಈ ವರ್ಷ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವಂತೆಯೂ ಇರಲಿಲ್ಲ. 'ಅಮ್ಮಾ, ಹೇಗಾದರೂ ಬಾ' ಎಂದು ಅವಳು ಫೋನಿನಲ್ಲಿ ಅತ್ತಾಗ 'ಬರ್ತೀನಿ' ಎಂದುಬಿಟ್ಟೆ.

ಅಂದೆನೇ ಹೊರತು ನನಗೆ ಒಳಗೊಳಗೇ ಪುಕಪುಕ. ಇಷ್ಟು ವರ್ಷ ಎಲ್ಲಿಗೆ ಹೋದರೂ ಟಿಕೆಟ್ಟು ಇರುತ್ತಿದ್ದುದು ಯಜಮಾನರ ಜೇಬಿನಲ್ಲಿ. ನಾನು ಅವರ ಹಿಂದೆ ಬುತ್ತಿ ಹಿಡಿದು ನಡೆದವಳು. ಈಗ ಜೊತೆಗೆ ಇದ್ದವನು ಐದನೇ ಕ್ಲಾಸಿನ ಮೊಮ್ಮಗ ಒಬ್ಬನೇ.

ಮಗ ತೆಗೆದ ಟಿಕೆಟ್ಟು ಬೆಳಗಿನ ಜಾವದ್ದು. ಬೆಂಗಳೂರಿನಿಂದ ಐದೂವರೆಗೆ ಹೊರಟು ಎಂಟಕ್ಕೆ ಕೋಲ್ಕತ್ತಾ. ಅಲ್ಲಿ ಮೂರೂವರೆ ಗಂಟೆ ಕಾದು ಇನ್ನೊಂದು ವಿಮಾನದಲ್ಲಿ ದಿಬ್ರೂಗಢ. 'ಅಷ್ಟು ಹೊತ್ತಿಗೆ ಹೊರಡೋದು ಯಾಕಪ್ಪಾ, ಕೋಳಿಯೂ ಕೂಗಿರಲ್ಲ' ಎಂದೆ. ಅದಕ್ಕೆ ಮಗ, 'ಬೆಳಗಿನ ಮೊದಲ ವಿಮಾನ ಸಾಮಾನ್ಯವಾಗಿ ಹಿಂದಿನ ರಾತ್ರಿಯೇ ಬಂದು ನಿಂತಿರುತ್ತೆ ಅಮ್ಮ. ಹಗಲು ಏರಿದಂತೆ ಒಂದು ತಡವಾದರೆ ಅದರ ಹಿಂದಿನದೂ ತಡ. ಮೊದಲನೆಯದೇ ತಡವಾದರೆ ನಿಮಗೆ ಕೋಲ್ಕತ್ತಾದಲ್ಲಿ ಎರಡನೆಯದು ತಪ್ಪಿಹೋಗುತ್ತೆ' ಎಂದ. ಸರಿ, ಹಿಂದಿನ ರಾತ್ರಿಯೇ ಊಟ ಮುಗಿಸಿ ಮೈಸೂರಿನಿಂದ ಫ್ಲೈಬಸ್ ಹತ್ತಿದೆವು. ಮಗನೂ ಜೊತೆಗೆ ಬಂದ. ಟಿಕೆಟ್ಟು ಇಲ್ಲದವರನ್ನು ಒಳಗೆ ಬಿಡುವುದಿಲ್ಲವಲ್ಲ, ಬಾಗಿಲಲ್ಲೇ ನಿಂತು ಕೈ ಬೀಸಿದ.

ಮೊದಲ ಪಾಠ ಆದದ್ದು ಪೆಟ್ಟಿಗೆ ಕೊಡುವ ಕೌಂಟರಿನಲ್ಲಿ. ಅಲ್ಲಿದ್ದ ಹುಡುಗಿ, 'ಪೆಟ್ಟಿಗೆಯಲ್ಲಿ ಪವರ್ ಬ್ಯಾಂಕ್, ಲೈಟರ್, ಒಣ ಕೊಬ್ಬರಿ ಇದೆಯಾ?' ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆ ಮೊಮ್ಮಗ, 'ಕೊಬ್ಬರಿ ಇದೆ, ನಾಲ್ಕು ಗಿಟುಕು' ಎಂದ! ಟಿಕೆಟ್ಟಿನ ಹಾಳೆಯಲ್ಲಿ ಓದಿ ಮನೆಯಲ್ಲೇ ನನಗೆ ಹೇಳಿದ್ದ. 'ಹೋಗೋ, ಬಾಣಂತಿಗೆ ಕೊಬ್ಬರಿ ಬೇಡ ಅನ್ನೋರು ಯಾರು?' ಎಂದು ನಾನು ಅವನ ಬಾಯಿ ಮುಚ್ಚಿಸಿದ್ದೆ. ಒಣ ಕೊಬ್ಬರಿಯಲ್ಲಿ ಎಣ್ಣೆ ತುಂಬಾ ಇರುತ್ತದೆ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯವಿರುವ ಪದಾರ್ಥಗಳ ಪಟ್ಟಿಯಲ್ಲಿದೆಯಂತೆ. ಗಿಟುಕು ಅಲ್ಲೇ ಉಳಿಯಿತು. ಮೈಸೂರುಪಾಕು, ಪುಳಿಯೋಗರೆ ಗೊಜ್ಜಿಗೆ ಏನೂ ಆಗಲಿಲ್ಲ.

'ಕೋಲ್ಕತ್ತಾದಲ್ಲಿ ಪೆಟ್ಟಿಗೆ ಇಳಿಸಿಕೊಳ್ಳೋದು ಮರೀಬೇಡ ಪುಟ್ಟ' ಎಂದೆ. ಅವನು ಪೆಟ್ಟಿಗೆಗೆ ಕಟ್ಟಿದ ಚೀಟಿ ತೋರಿಸಿದ. 'ಅಜ್ಜಿ, ಇದರಲ್ಲಿ ಡಿಐಬಿ ಅಂತ ದೊಡ್ಡದಾಗಿದೆ. ಅಂದರೆ ದಿಬ್ರೂಗಢ. ಪೆಟ್ಟಿಗೆ ಅದೇ ವಿಮಾನ ಬದಲಾಯಿಸುತ್ತೆ, ನಾವು ಬದಲಾಯಿಸಿದರೆ ಸಾಕು.' ಒಂದೇ ಟಿಕೆಟ್ಟಿನಲ್ಲಿ ಎರಡು ವಿಮಾನವಿದ್ದು, ಚೀಟಿಯಲ್ಲಿ ಕೊನೆಯ ಊರಿನ ಅಕ್ಷರವಿದ್ದರೆ ದೇಶದೊಳಗಿನ ಪ್ರಯಾಣದಲ್ಲಿ ಪೆಟ್ಟಿಗೆ ಹಾಗೇ ಹೋಗುತ್ತದೆ. ಪ್ರತಿ ವಿಮಾನ ನಿಲ್ದಾಣಕ್ಕೂ ಹೀಗೆ ಮೂರಕ್ಷರದ ಹೆಸರುಂಟು. ಬೆಂಗಳೂರಿಗೆ ಬಿಎಲ್‌ಆರ್, ಕೋಲ್ಕತ್ತಾಕ್ಕೆ ಸಿಸಿಯು. ಊರಿನ ಹೆಸರು ಕಲ್ಕತ್ತಾ ಹೋಗಿ ಕೋಲ್ಕತ್ತಾ ಆದರೂ ಆ ಹಳೆಯ 'ಸಿ' ಅಕ್ಷರ ಹಾಗೇ ಉಳಿದಿದೆ.

ಕೌಂಟರಿನ ಹುಡುಗಿ ಎರಡೂ ವಿಮಾನದ ಬೋರ್ಡಿಂಗ್ ಪಾಸು ಕೊಟ್ಟಳು. 'ಗಾಲಿಕುರ್ಚಿ ಬೇಕಾ ಅಮ್ಮ?' ಎಂದೂ ಕೇಳಿದಳು. 'ನನಗೇನಾಗಿದೆ? ದಿನಾ ಕುಕ್ಕರಹಳ್ಳಿ ಕೆರೆ ಸುತ್ತುತ್ತೀನಿ' ಎಂದೆ. ಮಂಡಿ ಮಾತ್ರ ಆಗಲೇ ಚುಳುಕ್ ಎನ್ನುತ್ತಿತ್ತು.

ಎಂಟು ಗಂಟೆಗೆ ಕೋಲ್ಕತ್ತಾದಲ್ಲಿ ಇಳಿದೆವು. ಮೊಮ್ಮಗ ಬಾಣದ ಗುರುತು ನೋಡಿಕೊಂಡು ಮುಂದೆ ಮುಂದೆ ನಡೆದ. ಇನ್ನೊಮ್ಮೆ ತಪಾಸಣೆ ಆಯಿತು. ನಾನು ಪಾಸು ನೋಡಿದೆ. ಕನ್ನಡಕ ಒರೆಸಿ ನೋಡಿದೆ. 22 ಎಂದಿತ್ತು. 22ನೇ ಗೇಟು ಹುಡುಕಿ, ಎದುರಿನ ಕುರ್ಚಿಯಲ್ಲಿ ಕೂತು ಚಪಾತಿ, ಚಟ್ನಿಪುಡಿ ಬಿಚ್ಚಿದೆ.

ಒಂಬತ್ತೂವರೆಗೆ ಮೊಮ್ಮಗ ಹೇಳಿದ: 'ಅಜ್ಜಿ, ಈ ಗೇಟಿನ ಬೋರ್ಡಲ್ಲಿ ಬೇರೆ ಊರಿನ ಹೆಸರಿದೆ.'

'ಆ ವಿಮಾನ ಹೋದ ಮೇಲೆ ನಮ್ಮದು ಬರುತ್ತೆ. ಸುಮ್ನೆ ಕೂತ್ಕೋ.'

ಹತ್ತೂಕಾಲಿಗೆ ಮತ್ತೆ ಹೇಳಿದ: 'ಅಜ್ಜಿ, ಈಗಲೂ ನಮ್ಮ ಊರಿಲ್ಲ. ಆ ದೊಡ್ಡ ಬೋರ್ಡು ನೋಡಿ ಬರ್ಲಾ? ಇಲ್ಲಾ ಯಾರನ್ನಾದರೂ ಕೇಳೋಣ.'

'ನನ್ನ ಕಣ್ಣೆದುರಿಂದ ಎಲ್ಲೂ ಹೋಗಕೂಡದು. 22 ಅಂತ ಬರೆದಿಲ್ವಾ? ದೊಡ್ಡವರು ಹೇಳಿದರೆ ಕೇಳಬೇಕು.' ನಿಜ ಹೇಳಬೇಕೆಂದರೆ, ಕೇಳಲು ನನಗೆ ನಾಚಿಕೆ. ನನ್ನ ಹಿಂದಿ ಅಷ್ಟಕ್ಕಷ್ಟೇ. ಬಂಗಾಳಿಯಂತೂ ಬಾರದು. ಮೈಕಿನಲ್ಲಿ ಕೂಗುತ್ತಾರೆ ಎಂದು ಧೈರ್ಯವಾಗಿದ್ದೆ. ಆದರೆ ಈಗ ಅನೇಕ ನಿಲ್ದಾಣಗಳಲ್ಲಿ ಬಸ್‌ಸ್ಟ್ಯಾಂಡಿನ ಹಾಗೆ ಪ್ರತಿಯೊಂದಕ್ಕೂ ಕೂಗುವುದಿಲ್ಲ. ಬೋರ್ಡನ್ನು ನಾವೇ ನೋಡಿಕೊಳ್ಳಬೇಕು.

ಹತ್ತೂ ಮುಕ್ಕಾಲಾಯಿತು. ಮೊಮ್ಮಗ ಸುಮ್ಮನೆ ಕೂತಿದ್ದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ನೋಡಿ ನನ್ನ ಹಟ ಇಳಿಯಿತು. ಅಲ್ಲೇ ನೆಲ ಒರೆಸುತ್ತಿದ್ದ ಹೆಂಗಸಿನ ಮುಂದೆ ಪಾಸು ಹಿಡಿದು, 'ದಿಬ್ರೂಗಢ?' ಎಂದೆ, ಅಷ್ಟೇ. ಆಕೆ ಚೀಟಿ ನೋಡಿದಳು. 22ರ ಮೇಲೆ ಬೆರಳಿಟ್ಟು, ನನ್ನ ಕುರ್ಚಿ ತಟ್ಟಿ ತೋರಿಸಿದಳು. ಅದು ಗೇಟಲ್ಲ, ಸೀಟು! ಗೇಟಿನ ಜಾಗ ಖಾಲಿ ಇತ್ತು. ಬೆಳಗಿನ ಜಾವ ಬೆಂಗಳೂರಿನಲ್ಲಿ ಪಾಸು ಕೊಡುವಾಗ ಕೋಲ್ಕತ್ತಾದ ಗೇಟು ಇನ್ನೂ ಗೊತ್ತಾಗಿರಲಿಲ್ಲ. ಇದ್ದ ಒಂದೇ ನಂಬರನ್ನು ನಾನು ಗೇಟು ಎಂದುಕೊಂಡಿದ್ದೆ.

ನಮ್ಮ ಗೇಟು ಇನ್ನೊಂದು ತುದಿಯಲ್ಲಿತ್ತು. ವಿಮಾನ ಹನ್ನೊಂದೂವರೆಗೆ ಎಂದರೆ ಗೇಟು ಅದಕ್ಕೆ 20-25 ನಿಮಿಷ ಮೊದಲೇ ಮುಚ್ಚುತ್ತದೆ. ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ನನ್ನ ಮಂಡಿ ನಿಂತುಬಿಟ್ಟಿತು. ಮಗಳ ಮುಖ ಕಣ್ಣೆದುರು ಬಂತು. ಆ ಹೆಂಗಸು ಒರೆಸುವ ಕೋಲು ಬಿಟ್ಟು ಓಡಿಹೋಗಿ ಗಾಲಿಕುರ್ಚಿಯ ಹುಡುಗನನ್ನು ಕರೆತಂದಳು. ಬೆಂಗಳೂರಿನಲ್ಲಿ ಬೇಡ ಎಂದ ಕುರ್ಚಿಯಲ್ಲೇ ಕೂತೆ. ಮೊಮ್ಮಗ ಪಕ್ಕದಲ್ಲಿ ಚೀಲ ಹೊತ್ತು ಓಡಿದ. ನಾವು ಒಳಗೆ ಹೋದಾಗ ನಮ್ಮ ಹಿಂದೆ ಯಾರೂ ಇರಲಿಲ್ಲ.

ಕೂತು ಉಸಿರು ಬಿಟ್ಟ ಮೇಲೆ ಅವನ ಕೈ ಹಿಡಿದು, 'ತಪ್ಪಾಯ್ತು ಕಂದ. ನೀನು ಎರಡು ಸಲ ಹೇಳಿದೆ, ನಾನು ಕೇಳಲಿಲ್ಲ' ಎಂದೆ.

'ಕೊಬ್ಬರೀದು ಸೇರಿಸಿದರೆ ಮೂರು ಸಲ' ಎಂದ. ಆಮೇಲೆ, 'ಪರವಾಗಿಲ್ಲ ಅಜ್ಜಿ, ಕಿಟಕಿ ಸೀಟು ಕೊಡ್ತೀಯಾ?' ಎಂದ. ಕೊಟ್ಟೆ. ಎಡಗಡೆಯ ಕಿಟಕಿ. ದೂರದಲ್ಲಿ ಹಿಮಾಲಯದ ಬಿಳಿಯ ಸಾಲು ಕಂಡಿತು. ಇಳಿಯುವ ಮೊದಲು ಬ್ರಹ್ಮಪುತ್ರ ಕಂಡಿತು. ಒಂದು ನದಿಯೇ ಹತ್ತು ಎಳೆಯಾಗಿ, ಮರಳಿನ ನಡುವೆ ಬಿಚ್ಚಿದ ಜಡೆಯ ಹಾಗೆ ಹರಿಯುತ್ತಿತ್ತು.

ಮಗಳ ಮನೆಯಲ್ಲಿ ಇನ್ನೊಂದು ಸೋಜಿಗ. ಸಂಜೆ ಐದು ಗಂಟೆಗೇ ಕತ್ತಲು! ನಮ್ಮ ಮೈಸೂರಿನಲ್ಲಿ ಆಗ ಮಕ್ಕಳು ಇನ್ನೂ ಆಡುತ್ತಿರುತ್ತಾರೆ. ಮೊಮ್ಮಗ ಅಟ್ಲಾಸು ತೆಗೆದು ಲೆಕ್ಕ ಹಾಕಿದ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಮೈಸೂರು 76.6 ಡಿಗ್ರಿ ಪೂರ್ವ ರೇಖಾಂಶ, ದಿಬ್ರೂಗಢ 94.9. ವ್ಯತ್ಯಾಸ 18.3 ಡಿಗ್ರಿ. ನಾಲ್ಕರಿಂದ ಗುಣಿಸಿದರೆ 73 ನಿಮಿಷ. ಸೂರ್ಯ ಅಲ್ಲಿ ಹೆಚ್ಚುಕಡಿಮೆ ಅಷ್ಟು ಮುಂಚೆ ಬರುತ್ತಾನೆ, ಹೆಚ್ಚುಕಡಿಮೆ ಅಷ್ಟು ಮುಂಚೆ ಹೋಗುತ್ತಾನೆ. ಗಡಿಯಾರ ಮಾತ್ರ ಇಡೀ ದೇಶಕ್ಕೆ ಒಂದೇ. ಅದಕ್ಕೇ ಅಸ್ಸಾಮಿನ ಚಹಾ ತೋಟಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಕೆಲಸ ಮಾಡುವ ರೂಢಿಯಿದೆ. ಅದಕ್ಕೆ 'ಬಾಗಾನ್ ಸಮಯ', ಅಂದರೆ ತೋಟದ ಸಮಯ ಎನ್ನುತ್ತಾರೆ. ನಿಮ್ಮ ಊರಿಗೂ ದಿಬ್ರೂಗಢಕ್ಕೂ ಎಷ್ಟು ನಿಮಿಷ ವ್ಯತ್ಯಾಸ? ಅಟ್ಲಾಸು ನೋಡಿ ಲೆಕ್ಕ ಹಾಕಿ. ಅಜ್ಜಿ-ತಾತನ ಕೈಯಲ್ಲೂ ಹಾಕಿಸಿ.

ನನ್ನ ವಯಸ್ಸಿನವರಿಗೆ ಒಂದು ಮಾತು. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ಟು ತೆಗೆಯುವಾಗಲೇ ಹೇಳಿಬಿಡಿ. ದಾರಿ ಕೇಳಲು ಭಾಷೆ ಬರಬೇಕಿಲ್ಲ, ಊರಿನ ಹೆಸರು ಗೊತ್ತಿದ್ದರೆ ಸಾಕು. ಜೊತೆಯಲ್ಲಿರುವ ಮಗು ಏನಾದರೂ ಹೇಳಿದರೆ ಎದ್ದು ಹೋಗಿ ಒಮ್ಮೆ ಬೋರ್ಡು ನೋಡಿ. ಮಕ್ಕಳೇ, ನಿಮಗೂ ಒಂದು ಮಾತು. ನಿಮಗೆ ಸರಿ ಎಂದು ಕಂಡದ್ದನ್ನು ಎರಡು ಸಲ ಹೇಳಿಯೂ ದೊಡ್ಡವರು ಕೇಳದಿದ್ದರೆ ಮೂರನೇ ಸಲವೂ ಹೇಳಿ.

ಮಗು ನನ್ನ ಬೆರಳು ಹಿಡಿದುಕೊಂಡು ಮಲಗಿತು. ಮೂಗು ಥೇಟ್ ಅವಳ ತಾತನದೇ. ನಾನೂ ಮಗಳೂ ಅದನ್ನೇ ನೋಡುತ್ತಾ ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ ಅವಳೇ ಕಣ್ಣೊರೆಸಿಕೊಂಡು ಕೇಳಿದಳು: 'ಅಮ್ಮಾ, ಕೊಬ್ಬರಿ ತಂದ್ಯಾ?'

ಮೊಮ್ಮಗ ನನ್ನ ಮುಖ ನೋಡಿದ. 'ನೀನೇ ಹೇಳಪ್ಪಾ' ಎಂದೆ.