‘ಆರುಷಿ’ ಓದಿದವರ ತೀರ್ಪುಗಳು

ಅವಿರೂಕ್ ಸೇನ್ ಅವರ ‘ಆರುಷಿ’ 2015ರಲ್ಲಿ ಪ್ರಕಟವಾದಾಗ ರಾಜೇಶ್ ಮತ್ತು ನೂಪುರ್ ತಲ್ವಾರ್ ದಂಪತಿ ತಮ್ಮ ಮಗಳನ್ನೂ ಮನೆಗೆಲಸದ ಹೇಮರಾಜ್ ಅವರನ್ನೂ ಕೊಂದ ಅಪರಾಧಕ್ಕಾಗಿ ಗಾಜಿಯಾಬಾದಿನ ದಾಸ್ನಾ ಜೈಲಿನಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದರು. ದೆಹಲಿಯಲ್ಲಿರುವ ನಮಗೆ ನೊಯಿಡಾ ಪರಸ್ಥಳವೇನಲ್ಲ. ಹಾಗಾಗಿ ಈ ಪುಸ್ತಕವನ್ನು ಓದಿದ ಕನ್ನಡಿಗ ಮಿತ್ರರೊಡನೆ ಹಲವು ಬಾರಿ ಮಾತಿಗೆ ಕುಳಿತಿದ್ದೇನೆ. ಅವರಲ್ಲಿ ಕೆಲವರ ಅಭಿಪ್ರಾಯ ಕೊನೆಯ ಪುಟದವರೆಗೂ ಕದಲಲಿಲ್ಲ: ಮನೆಯಲ್ಲಿದ್ದವರು ನಾಲ್ವರು, ಇಬ್ಬರು ಸತ್ತರು, ಉಳಿದ ಇಬ್ಬರೇ ಉತ್ತರ ಕೊಡಬೇಕು. ಹೆಚ್ಚಿನವರ ಮನಸ್ಸನ್ನು ಪುಸ್ತಕ ಬದಲಿಸಿತು. ಹೆತ್ತವರಿಗೆ ಎಂಥ ಅನ್ಯಾಯವಾಯಿತೆಂದು ಮರುಗಿದ ಅವರು, ಅದೇ ಉಸಿರಿನಲ್ಲಿ, ಕೊಂದವರು ಆ ಕೆಲಸದ ಹುಡುಗರೇ ಇರಬೇಕೆಂದರು. ನನ್ನ ತಕರಾರು ಇರುವುದು ಈ ಎರಡನೆಯ ಗುಂಪಿನೊಡನೆ. ಮೊದಲ ಓದಿನ ನಂತರ ನಾನೂ ಅದೇ ಗುಂಪಿನಲ್ಲಿದ್ದೆ.

ಪ್ರಕರಣದ ಹೊರರೇಖೆ ಎಲ್ಲರಿಗೂ ನೆನಪಿದ್ದೀತು. 2008ರ ಮೇ 16ರ ಬೆಳಿಗ್ಗೆ ಜಲವಾಯು ವಿಹಾರದ ಮನೆಯಲ್ಲಿ, 14 ತುಂಬಲು ಎಂಟು ದಿನ ಬಾಕಿಯಿದ್ದ ಆರುಷಿ ತನ್ನ ಕೋಣೆಯಲ್ಲಿ ಕೊಲೆಯಾಗಿದ್ದಳು. ಅಂದು ಪೊಲೀಸರು ಕೊಲೆಗಾರನೆಂದು ತೀರ್ಮಾನಿಸಿದ್ದು ಕಾಣೆಯಾಗಿದ್ದ ಹೇಮರಾಜ್ ಅವರನ್ನು. ತಾರಸಿಯ ಬಾಗಿಲಿಗೆ ಬೀಗವಿತ್ತು. ಅದನ್ನು ಒಡೆದು ನೋಡುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಮರುದಿನ ಹೇಮರಾಜ್ ಅವರ ಶವ ಸಿಕ್ಕಿದ್ದು ಅದೇ ತಾರಸಿಯಲ್ಲಿ. ಆ ಪ್ರಕರಣದ ಮೊದಲ ‘ತೀರ್ಪು’ ಹೊರಬಿದ್ದಾಗ ಅಪರಾಧಿ ಎನಿಸಿಕೊಂಡವರು ಬೀಗದ ಆಚೆ ಹೆಣವಾಗಿ ಬಿದ್ದಿದ್ದರು.

ಮುಂದಿನ ತೀರ್ಪುಗಳೂ ಬೇಗ ಬೇಗನೆ ಬಂದವು. ಒಂದೇ ವಾರದಲ್ಲಿ ತಂದೆಯ ಬಂಧನವಾಯಿತು. ಸಿಬಿಐನ ಮೊದಲ ತಂಡ ತಲ್ವಾರರ ಸಹಾಯಕನನ್ನೂ ಪರಿಚಿತರ ಮನೆಗಳ ಇಬ್ಬರು ಕೆಲಸದವರನ್ನೂ ಹಿಡಿಯಿತು. ದೋಷಾರೋಪಪಟ್ಟಿ ಸಲ್ಲಿಸಲಾಗದೆ ಅವರು ಹೊರಬಂದರು. ಎರಡನೆಯ ತಂಡ ಮತ್ತೆ ಹೆತ್ತವರತ್ತ ತಿರುಗಿ, 2010ರ ಕೊನೆಗೆ, ಸಂಶಯವಿದೆ ಆದರೆ ಸಾಕ್ಷ್ಯ ಸಾಲದೆಂದು ಮುಕ್ತಾಯ ವರದಿ ಕೊಟ್ಟಿತು. ಸಾಕ್ಷ್ಯ ಸಾಲದೆಂದ ಆ ವರದಿಯ ಆಧಾರದ ಮೇಲೆಯೇ ಮ್ಯಾಜಿಸ್ಟ್ರೇಟರು ವಿಚಾರಣೆಗೆ ಆದೇಶಿಸಿದರು. 2013ರ ನವೆಂಬರಿನಲ್ಲಿ ಶಿಕ್ಷೆಯಾಯಿತು.

ಗಾಜಿಯಾಬಾದಿನ ನ್ಯಾಯಾಲಯದಲ್ಲಿ ಕುಳಿತು ವಿಚಾರಣೆಯನ್ನು ವರದಿ ಮಾಡಿದವರು ಸೇನ್. ಅವರ ಪುಸ್ತಕದ ಬಲವಿರುವುದು ಸಣ್ಣ ವಿವರಗಳಲ್ಲಿ. ಪ್ರತಿವಾದಿಗಳ ಅಂತಿಮ ವಾದ ಮುಗಿಯುವ ಮೊದಲೇ ತೀರ್ಪಿನ ಬರವಣಿಗೆ ಆರಂಭವಾಗಿತ್ತು ಎಂಬುದನ್ನು ಅವರು ನ್ಯಾಯಾಧೀಶರ ಮನೆಯವರ ಮಾತಿನಿಂದಲೇ ಹೊರಗೆಳೆಯುವ ಅಧ್ಯಾಯವನ್ನು ಓದಿ ಬೆಚ್ಚಿಬೀಳದವರನ್ನು ನಾನು ಕಂಡಿಲ್ಲ. ಇನ್ನೊಂದು, ದಿಂಬಿನ ಕವರಿನ ಸಂಗತಿ. ಬಂಧಿತರಾಗಿದ್ದ ಮೂವರಲ್ಲಿ ಒಬ್ಬನ ಕೋಣೆಯಿಂದ ವಶಪಡಿಸಿಕೊಂಡ ದಿಂಬಿನ ಕವರಿನಲ್ಲಿ ಹೇಮರಾಜ್ ಅವರ ಡಿಎನ್‌ಎ ಇದೆಯೆಂದು ಹೈದರಾಬಾದಿನ ಪ್ರಯೋಗಾಲಯ ವರದಿ ಕೊಟ್ಟಿತ್ತು. 2011ರಲ್ಲಿ, ಅದು ಬೆರಳಚ್ಚಿನ ತಪ್ಪು, ಎರಡು ಕವರುಗಳ ವಿವರ ಅದಲುಬದಲಾಗಿತ್ತು ಎಂಬ ಸ್ಪಷ್ಟೀಕರಣ ಬಂತು.

ನಮ್ಮ ಓದು ಎಡವುವುದು ಇಲ್ಲಿ. ಆ ಕವರಿನ ಗೊಂದಲ ತಲ್ವಾರರ ಮೇಲಿನ ಆರೋಪವನ್ನು ಅಲುಗಿಸಲು ಸಾಕು. ಹೊರಗಿನವರು ಅಂದು ಮನೆಯೊಳಗೆ ಬಂದಿರಬಹುದೆಂಬ ಸಾಧ್ಯತೆಯನ್ನು ಅದು ಜೀವಂತವಾಗಿಡುತ್ತದೆ. ಸಂಶಯದ ಲಾಭಕ್ಕೆ ಅಷ್ಟು ಸಾಕು. ಅದೇ ಕವರನ್ನು ಇನ್ನೊಬ್ಬನ ಕೊರಳಿಗೆ ಕಟ್ಟಲು ಸಾಲದು. ಬಿಡಿಸುವುದಕ್ಕೆ ಬೇಕಾದ ಸಾಕ್ಷ್ಯಕ್ಕೂ ಬಂಧಿಸುವುದಕ್ಕೆ ಬೇಕಾದ ಸಾಕ್ಷ್ಯಕ್ಕೂ ಅಳತೆ ಬೇರೆ ಎಂಬುದೇ ಈ ಪುಸ್ತಕ ನಮಗೆ ಕಲಿಸಬೇಕಾಗಿದ್ದ ಪಾಠ. ತಲ್ವಾರರಿಗೆ ಅದನ್ನು ಉದಾರವಾಗಿ ಅನ್ವಯಿಸಿದ ನಾವು ಆ ಮೂವರಿಗೆ ಅನ್ವಯಿಸಲು ಮರೆತೆವು. (ಅವರ ಹೆಸರುಗಳನ್ನು ನಾನು ಬರೆಯುತ್ತಿಲ್ಲ. ದೋಷಾರೋಪವೇ ಇಲ್ಲದವರ ಹೆಸರು ಬೇಕಾದಷ್ಟು ಕಡೆ ಅಚ್ಚಾಗಿದೆ.)

‘ಮಂಪರು ಪರೀಕ್ಷೆಯಲ್ಲಿ ಅವರೇ ಒಪ್ಪಿಕೊಂಡರಲ್ಲ’ ಎನ್ನುವ ಉತ್ತರ ಕೂಡಲೇ ಬರುತ್ತದೆ. ಆ ಪರೀಕ್ಷೆಗಳು ನಡೆದದ್ದು ನಮ್ಮ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ. ಅಂಥ ಪರೀಕ್ಷೆಗಳ ಹಣೆಬರಹ ಬರೆದ ತೀರ್ಪಿನ ಹೆಸರಲ್ಲಿಯೂ ನಮ್ಮ ರಾಜ್ಯವಿದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010. ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗೆ ಒಳಪಡಿಸುವಂತಿಲ್ಲ, ಒಪ್ಪಿ ಒಳಗಾದರೂ ಅಲ್ಲಿ ಆಡಿದ ಮಾತು ತಾನಾಗಿ ಸಾಕ್ಷ್ಯವಾಗದು ಎಂದು ಸುಪ್ರೀಂ ಕೋರ್ಟು ಅದರಲ್ಲಿ ಹೇಳಿತು. ಔಷಧದ ಅಮಲಿನಲ್ಲಿ ಮನುಷ್ಯ ಸತ್ಯವನ್ನೂ ಹೇಳಬಹುದು, ಕೇಳಿದ್ದನ್ನೂ ಹೇಳಬಹುದು, ಪ್ರಶ್ನೆಯೊಳಗೆ ಅಡಗಿದ್ದ ಉತ್ತರವನ್ನೇ ತಿರುಗಿ ಒಪ್ಪಿಸಬಹುದು. ಗಾಜಿಯಾಬಾದಿನ ನ್ಯಾಯಾಲಯ ದುರ್ಬಲ ಸಾಕ್ಷ್ಯವನ್ನು ನಂಬಿತೆಂದು ಸಿಟ್ಟಾಗುವ ಓದುಗನೇ ಅದಕ್ಕಿಂತ ದುರ್ಬಲವಾದುದನ್ನು ಕೈಯಲ್ಲಿ ಹಿಡಿದು ಕೂರುವುದನ್ನು ಏನೆಂದು ಕರೆಯೋಣ?

ಹರಿಶ್ಚಂದ್ರ ಕಾವ್ಯದ ನೆನಪಾಗುತ್ತದೆ. ಕಾಶಿಯ ಅರಸುಮಗನನ್ನು ಕೊಂದಳೆಂಬ ಆರೋಪ ಹೊತ್ತು ಚಂದ್ರಮತಿ ಕತ್ತಿಯ ಕೆಳಗೆ ಕೂರುತ್ತಾಳೆ. ಆದರೆ ರಾಘವಾಂಕ ತನ್ನ ಓದುಗನಿಂದ ಏನನ್ನೂ ಮುಚ್ಚಿಟ್ಟಿಲ್ಲ. ಅವಳು ನಿರಪರಾಧಿಯೆಂದು ನಮಗೆ ಗೊತ್ತು, ಆದ್ದರಿಂದಲೇ ನಮ್ಮ ಕಣ್ಣೀರಿಗೆ ಹಿಂಜರಿಕೆಯಿಲ್ಲ. ಸೇನ್ ಅವರ ಪುಸ್ತಕವನ್ನೂ ನಾವು ಹಾಗೆಯೇ ಓದಿದೆವೆಂದು ತೋರುತ್ತದೆ. ಚಂದ್ರಮತಿ ಸಿಕ್ಕಳು, ಇನ್ನು ಕಳ್ಳರು ಸಿಗಬೇಕಲ್ಲ! ಪುಸ್ತಕದ ತಪ್ಪೂ ಸ್ವಲ್ಪ ಇದೆ. ತಲ್ವಾರರ ದುಃಖದ ಹತ್ತಿರಕ್ಕೆ, ದಾಸ್ನಾದ ಅವರ ದಿನಚರಿಯವರೆಗೆ, ಹೋಗುವ ಲೇಖಕರು ಆ ಯುವಕರ ಬಾಳಿನ ಬಳಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ಸಹಾನುಭೂತಿ ಹರಿಯುವ ದಿಕ್ಕನ್ನು ಓದುಗ ಬೇಗ ಹಿಡಿಯುತ್ತಾನೆ.

ನಮ್ಮ ಭಾಷೆಯೂ ಅದನ್ನು ಹಿಡಿದಿತ್ತು. ನಮ್ಮ ಚರ್ಚೆಗಳಲ್ಲಿ ದಂತವೈದ್ಯ ದಂಪತಿ ಯಾವಾಗಲೂ ‘ಅವರು’. ನಡುವಯಸ್ಸಿನ, ಮಕ್ಕಳೊಂದಿಗ ಹೇಮರಾಜ್ ‘ಅವನು’. ಇಂಗ್ಲಿಷಿನ ಪುಸ್ತಕದಲ್ಲಿ ಇಲ್ಲದ ಈ ಭೇದವನ್ನು ಕನ್ನಡದ ಬಾಯಿ ತಾನಾಗಿ ಸೇರಿಸಿತು. ನನ್ನ ಬಾಯಿಯೂ ಹೌದು. ಮೇಲೆ ಪ್ರತಿ ಸಲ ‘ಹೇಮರಾಜ್ ಅವರು’ ಎಂದು ಬರೆಯುವಾಗ ನಾನು ಪ್ರಯತ್ನಪೂರ್ವಕವಾಗಿ ಬರೆದಿದ್ದೇನೆ. ಆ ಮೂವರಲ್ಲಿ ಒಬ್ಬನನ್ನು ಕುರಿತ ಏಕವಚನ ಮಾತ್ರ ಅಲ್ಲಿಯೇ ಉಳಿದುಬಿಟ್ಟಿದೆ.

2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟು ದಂಪತಿಯನ್ನು ಖುಲಾಸೆ ಮಾಡಿತು. ಕೆಳ ನ್ಯಾಯಾಧೀಶರು ಗಣಿತದ ಮೇಷ್ಟರಂತೆಯೂ ಚಲನಚಿತ್ರ ನಿರ್ದೇಶಕರಂತೆಯೂ ವರ್ತಿಸಿದರೆಂದು ಪೀಠದ ಒಬ್ಬ ನ್ಯಾಯಮೂರ್ತಿ ಕಟುವಾಗಿ ಬರೆದರು. ಸೇನ್ ಅವರ ಓದುಗರಿಗೆ ಅದು ಗೆಲುವಿನ ದಿನವಾಗಿತ್ತು, ನನಗೂ ನೆಮ್ಮದಿಯಾಯಿತು. ಆದರೆ ಆ ತೀರ್ಪು ಬೇರೆ ಯಾರನ್ನೂ ಕೊಲೆಗಾರರೆಂದು ಹೇಳಲಿಲ್ಲ. ಕೆಲವೇ ವಾರಗಳಲ್ಲಿ ಹೇಮರಾಜ್ ಅವರ ಪತ್ನಿ, ಹಾಗಾದರೆ ನನ್ನ ಗಂಡನನ್ನು ಕೊಂದವರು ಯಾರೆಂಬ ಪ್ರಶ್ನೆ ಹೊತ್ತು ಸುಪ್ರೀಂ ಕೋರ್ಟಿಗೆ ಹೋದರು. ನಮ್ಮ ಮಾತುಕತೆಗಳಲ್ಲಿ ಒಮ್ಮೆಯೂ ಯಾರೂ ಆ ಹೆಂಗಸಿನ ಪ್ರಸ್ತಾಪ ಮಾಡಿದ್ದು ನನಗೆ ನೆನಪಿಲ್ಲ.