ಬೀಚು ಬಿಟ್ಟರೆ ಅಂಡಮಾನಿನಲ್ಲಿ ಏನಿದೆ?

ಚೆನ್ನೈಯಲ್ಲಿರುವ ನಮಗೆ ಊರಿಗೆ ಹೋಗುವುದಕ್ಕಿಂತ ಅಂಡಮಾನಿಗೆ ಹೋಗುವುದೇ ಸುಲಭ ಅನ್ನಿಸುತ್ತದೆ. ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಪುರುಸೊತ್ತಿದ್ದರೆ ಹಡಗಿದೆ, ಮೂರು ದಿನ. ಹೋದವರೆಲ್ಲ ರಾಧಾನಗರ ಬೀಚಿನ ಫೋಟೊ ಹಿಡಿದುಕೊಂಡು ಬರುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಪೇಟೆಯ ಮಾತು.

ಪೋರ್ಟ್ ಬ್ಲೇರಿನ (2024ರಿಂದ ಅದು ಶ್ರೀ ವಿಜಯ ಪುರಂ) ಒಂದೇ ಬೀದಿಯಲ್ಲಿ ಇಡ್ಲಿ, ಪಕ್ಕದಲ್ಲೇ ಸಾಸಿವೆ ಎಣ್ಣೆಯ ಬಂಗಾಳಿ ಮೀನು ಸಾರು. ತಮಿಳರು, ತೆಲುಗರು, ಬಂಗಾಳಿಗಳು, ರಾಂಚಿ ಕಡೆಯವರು, ಮಲಬಾರಿನ ಮಾಪಿಳ್ಳೆಗಳು ಎಲ್ಲರಿಗೂ ನಡುವೆ ಹಿಂದಿ. 1858ರಲ್ಲಿ ಬ್ರಿಟಿಷರು ಕೈದಿಗಳನ್ನು ತಂದು ಇಳಿಸಿದಾಗಿನಿಂದ ಬೆಳೆದ ಹಿಂದಿ ಅದು. ಉತ್ತರಕ್ಕೆ, ಮಾಯಾಬಂದರಿನ ಹತ್ತಿರದ ವೇಬಿಯಲ್ಲಿ, 1925ರಲ್ಲಿ ಬರ್ಮಾದಿಂದ ಬಂದ ಕರೆನ್ನರಿದ್ದಾರೆ. ನಮ್ಮ ಬೀಚ್ ಸ್ಟೇಷನ್ನಿನ ಎದುರು ಅತ್ತೋ ತಿಂದವರಿಗೆ ಬರ್ಮಾ ಅಷ್ಟೇನೂ ದೂರವಲ್ಲ ಬಿಡಿ.

ಇವರೆಲ್ಲ ವಲಸಿಗರು, ನಮ್ಮ ಹಾಗೆ. ದ್ವೀಪದ ಮೂಲದವರ ಮಾತು ಪೇಟೆಯಲ್ಲಿ ಕೇಳುವುದಿಲ್ಲ. ಗ್ರೇಟ್ ಅಂಡಮಾನಿಗಳು ಈಗ ಐವತ್ತರ ಆಸುಪಾಸು. ಅವರ 'ಬೋ' ನುಡಿಯನ್ನಾಡುತ್ತಿದ್ದ ಕೊನೆಯಾಕೆ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ಸುನಾಮಿಯನ್ನು ದಾಟಿ ಬದುಕಿದ ಜೀವ. ತನ್ನ ಮಾತನ್ನಾಡಲು ಜನರಿಲ್ಲದೆ ಹಕ್ಕಿಗಳ ಜೊತೆ ಮಾತಾಡುತ್ತಿದ್ದರಂತೆ. ಅವರ ಮಾತನ್ನು ಧ್ವನಿಮುದ್ರಿಸಿಕೊಂಡ ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಹೇಳುವುದು ಇದನ್ನು. ಆ ನುಡಿಗಳ ವ್ಯಾಕರಣ ನಿಂತಿರುವುದೇ ಮೈಯ ಮೇಲೆ. ಬೆರಳಿನ ನೆತ್ತರಿಗೂ ಹೊಟ್ಟೆಯೊಳಗಿನ ನೆತ್ತರಿಗೂ ಮಾತಿನ ಮೊದಲಲ್ಲಿ ಬೇರೆ ಬೇರೆ ತುಣುಕು ಹತ್ತುತ್ತದೆ. ಅಬ್ಬಿಯವರು ಪಕ್ಷಿತಜ್ಞ ಸತೀಶ್ ಪಾಂಡೆಯವರ ಜೊತೆ ಸೇರಿ ಅವರ ಹಕ್ಕಿಹೆಸರುಗಳದ್ದೇ ಒಂದು ಪುಸ್ತಕ ಮಾಡಿದ್ದಾರೆ.

ಚಿಡಿಯಾ ಟಾಪುವಿಗೆ ಹೋಗಿದ್ದಾಗ ಇದೇ ತಲೆಯಲ್ಲಿತ್ತು. ಗೋಡೆಯಂಥ ಬೇರು ಬಿಟ್ಟ ದೈತ್ಯ ಮರಗಳು, ಅಲೆಗೆ ಬೋಳಾಗಿ ಮಲಗಿದ ಕಾಂಡಗಳು. ಐದೂವರೆ ಹೊತ್ತಿಗೆಲ್ಲ ಕತ್ತಲೆ. ಅಷ್ಟರೊಳಗೆ ಒಂದು ಕೊಂಬೆಯ ಮೇಲೆ ನೀಲಿ ಬೆನ್ನು ಹೊಳೆಯಿತು.

"ಮಿಂಚುಳ್ಳಿ ನೋಡೇ!" ಅಂದೆ.

ಚೆನ್ನೈಯಲ್ಲೇ ಹುಟ್ಟಿ ಬೆಳೆದ ಮಗಳು ಸುತ್ತಲೂ ಹುಡುಕಿದಳು. "ಎಲ್ಲಮ್ಮಾ? ನನಗೆ ಬರೀ ಮೀನ್‌ಕೊತ್ತಿ ಕಾಣ್ತಿದೆ."